ಹೊಸ ವರ್ಷದ ಓದಿಗೆ ನನ್ನ ವಿಷಯ

ಚಾಮರಾಜಪೇಟೆ
ಡಿಸೆಂಬರ್ ೧೯೯೮

ಓದುಗರ ಬಳಗದ ಅಧ್ಯಕ್ಷರಾದ ವಾಸುದೇವರಾಯರಿಗೆ ನಮಸ್ಕಾರ.

ಮುಂದಿನ ವರ್ಷದ ಓದಿನ ಪಂಥಕ್ಕೆ ನನ್ನ ಹೆಸರನ್ನೂ ಸೇರಿಸಿಕೊಳ್ಳಿ. ಒಬ್ಬೊಬ್ಬರೂ ಒಂದು ವಿಷಯ ಆರಿಸಿಕೊಂಡು, ತಿಂಗಳಿಗೊಂದು ಪುಸ್ತಕ ಓದಿ ಸಭೆಯಲ್ಲಿ ಮಾತಾಡಬೇಕಂತೆ. ನನ್ನ ವಿಷಯ, ಮನೆಗೆಲಸದವರು ಬರುವ ಕಾದಂಬರಿಗಳು. ಜನವರಿಗೆ ನಿಮ್ಮದೇ ಕಾದಂಬರಿ.

ನಿಮ್ಮ ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ನನ್ನ ಅಮ್ಮ ನರಸಮ್ಮ, ಅದರಲ್ಲಿ ಅದೇ ಹೆಸರಿನಲ್ಲಿ ಬೆಳ್ಳಿ ಲೋಟ ಕದಿಯುತ್ತಾಳೆ. ನಿಜವಾಗಿ ಕಳೆದಿದ್ದ ಆ ಲೋಟ ಅಟ್ಟದ ಮೇಲೆ ಸಿಕ್ಕಿತೆಂದು ನೀವೇ ಅಮ್ಮನಿಗೆ ಹೇಳಿದ್ದಿರಿ. ಪುಸ್ತಕದಲ್ಲಿ ಅದು ಸಿಗುವುದೇ ಇಲ್ಲ. ಅದನ್ನು ಓದಿ ನಿಮ್ಮ ಬೀದಿಯವರೆಲ್ಲ ಅಮ್ಮನನ್ನು ಕೆಲಸದಿಂದ ಬಿಡಿಸಿದರು. ನಾನು ಕೇಳಲು ಬಂದಾಗ, "ನಾಲ್ಕನೇ ಕ್ಲಾಸಿನವಳಿಗೆ ಕಲ್ಪನೆ ಅಂದ್ರೆ ಏನ್ ಗೊತ್ತಮ್ಮಾ, ಹೋಗು" ಅಂದಿರಿ. ಆಗ ನನಗೆ ಒಂಬತ್ತು ವರ್ಷ.

ಬರೆದವರು ಊರಲ್ಲಿದ್ದರೆ ಸಭೆಯಲ್ಲಿ ಎದುರು ಕೂತು ಉತ್ತರ ಹೇಳಬೇಕೆಂಬ ನಿಯಮ ಮಾಡಿದವರು ನೀವೇ. ನಿಮ್ಮ ಪಕ್ಕದ ಕುರ್ಚಿಯನ್ನು ಅಮ್ಮನಿಗೆ ಇಡಿಸಿ. ಅವಳಿಗೆ ಓದಲು ಬರುವುದಿಲ್ಲ. ನಾನು ಓದುವಾಗ ಆ ಪುಟಗಳನ್ನು ಅವತ್ತೇ ಮೊದಲ ಸಲ ಕೇಳುತ್ತಾಳೆ. ನಿಮ್ಮ ಬೀದಿಯವರನ್ನೂ ಮನೆಮನೆಗೆ ಹೋಗಿ ಕರೆದಿದ್ದೇನೆ.

ನನ್ನ ದನಿ ಸಣ್ಣದು. ದಯವಿಟ್ಟು ಮೈಕ್ ಹಾಕಿಸಿ.

ನರಸಮ್ಮನ ಮಗಳು,
ಬಿಂದುಶ್ರೀ