ಮೂರು ವಾರ್ಡು, ಮೊತ್ತ ಮೂವತ್ತು

ಜೂನ್ 4, ಮಂಗಳವಾರ

ಕಾಲೇಜಿನ ಕಂಪ್ಯೂಟರ್ ಕ್ಲಾಸಿನಲ್ಲಿ ಇವತ್ತೂ ಬೋರ್ಡಿನ ಮೇಲೆಯೇ ಕಂಪ್ಯೂಟರ್. ಮೌಸಿನ ಚಿತ್ರ ಬರೆಸಿದರು. ನಿಜವಾದವು ಬೀಗ ಹಾಕಿದ ಪಕ್ಕದ ಲ್ಯಾಬಿನಲ್ಲಿ ಮುಸುಕು ಹೊದ್ದು ಕೂತಿವೆ. ಹೋದ ವರ್ಷ ಪತ್ರಿಕೆಯವರು ಫೋಟೊ ತೆಗೆಯಲು ಬಂದಾಗ ಮಾತ್ರ ಮುಸುಕು ತೆಗೆದಿದ್ದರಂತೆ — ಆ ಫೋಟೊ ಪತ್ರಿಕೆಯಲ್ಲಿ ನೋಡಿದ ನೆನಪಿದೆ.

‘ಮುಟ್ಟಿದ್ರೆ ಹಾಳಾಗ್ತವೆ ಅಮ್ಮಾ’ ಎನ್ನುತ್ತಾರೆ ಲೆಕ್ಚರರು. ನನಗೊಬ್ಬ ಮಗನಿದ್ದಿದ್ದರೆ ಇವರ ವಯಸ್ಸಾಗುತ್ತಿತ್ತು. ಹುಡುಗರು ಇಟ್ಟಿರುವ ಹೆಸರು ಬೀಗದ ಮೇಷ್ಟ್ರು. ಸುಮ್ಮನೆ ಇಟ್ಟಿಲ್ಲ.

ಇಪ್ಪತ್ತಾರು ವರ್ಷದಿಂದ ಆಸ್ಪತ್ರೆಯ ಆಫೀಸಿನಲ್ಲಿ ಟೈಪಿಸ್ಟ್ ನಾನು. ಈ ತಿಂಗಳ 28ರ ಸಂಜೆ ಆರರೊಳಗೆ ಅಲ್ಲಿಗೆ ಕಂಪ್ಯೂಟರ್ ಸರ್ಟಿಫಿಕೇಟು ಕೊಡದಿದ್ದರೆ ಕೆಲಸವಿಲ್ಲ. ತಂಗಿಯೂ ನಾನೂ ಉಣ್ಣುವುದು ಈ ಕೆಲಸದಲ್ಲಿ. ಟೈಪಿಂಗ್ ಕಲಿತದ್ದೂ ಇದೇ ಕಾಲೇಜಿನಲ್ಲಿ. ಆಗ ಗೋಡೆಯ ಮೇಲೆ ಬರೆಸಿದ್ದರು: ‘ಟೈಪಿಂಗ್ ಕಲಿತ ಕೈಗೆ ಜೀವಮಾನವೆಲ್ಲ ಕೆಲಸ.’ ಅದಕ್ಕೆ ಈಗ ಸುಣ್ಣ ಬಳಿದಿದ್ದಾರೆ. ನನ್ನ ನೆನಪಿಗೆ ಬಳಿಯಲಾರರು.

ಜೂನ್ 25

ಪರೀಕ್ಷೆ. ಲ್ಯಾಬು ತೆರೆದದ್ದು ಇದು ಮೂರನೆಯ ಸಲ. ಮೂರು ವಾರ್ಡಿನ ರೋಗಿಗಳ ಸಂಖ್ಯೆ ಹೊಡೆದು ಮೊತ್ತ ತೆಗೆಯಬೇಕು: 21, 15, 30. ಹೊಡೆದೆ. ಸೂತ್ರ ಹಾಕಿದೆ. ಮೊತ್ತ 30! ಅಳಿಸಿ ಹೊಡೆದೆ. ಮತ್ತೆ 30.

‘ಸೂತ್ರ ಸರಿಯಿದೆ ನೋಡಿ ಸರ್.’

‘ಕಂಪ್ಯೂಟರ್ ಸುಳ್ಳು ಹೇಳುತ್ತಾ ಅಮ್ಮಾ? ಈ ವಯಸ್ಸಲ್ಲಿ ಇದೆಲ್ಲ ತಲೆಗೆ ಹತ್ತಲ್ಲ, ಬಿಡಿ.’

ಸೊನ್ನೆ ಬರೆದರು. ಎಲ್ಲಿ ತಪ್ಪಿತು ಎಂದು ಕೇಳಿದರೆ ಗಡಿಯಾರ ನೋಡಿದರು.

ಜೂನ್ 27

ನಿನ್ನೆ ಬರೆಯಲಿಲ್ಲ. ಬರೆದಿದ್ದರೆ ಕಾಗದ ಹರಿಯುತ್ತಿತ್ತು.

ತಂಗಿ ಅಂದಳು: ‘ಅಕ್ಕಾ, ಪಾತ್ರೆ ಯಾಕೆ ಕುಕ್ತೀಯ? ಅದೇನು ನಿನ್ನ ಫೇಲ್ ಮಾಡಿತ್ತಾ?’

ಪಾತ್ರೆ ಬಿಟ್ಟು ಮನೆಯ ಹಳೆಯ ಟೈಪ್‌ರೈಟರಿನ ಮುಂದೆ ಕೂತೆ. ಸಿಟ್ಟಿನಲ್ಲಿ 21, 15 ಎಂದು ಕುಟ್ಟಿದೆ. ಕೈ ನಿಂತಿತು. ಈ ಯಂತ್ರದಲ್ಲಿ ಒಂದರ ಕೀಲಿಯೇ ಇಲ್ಲ! ಒಂದು ಬೇಕಾದಾಗ ಇಂಗ್ಲಿಷಿನ ಸಣ್ಣ ಎಲ್ ಒತ್ತುತ್ತೇವೆ. ನೋಡಲು ಎರಡೂ ಒಂದೇ. ಲ್ಯಾಬಿನಲ್ಲೂ ಬೆರಳು ಅಲ್ಲಿಗೇ ಹೋಗಿದೆ. ಕಂಪ್ಯೂಟರಿಗೆ ಅದು ಅಕ್ಷರ, ಅಂಕಿಯಲ್ಲ. 21, 15 ಎರಡನ್ನೂ ಬಿಟ್ಟು ಉಳಿದ 30ನ್ನು ಮಾತ್ರ ಲೆಕ್ಕಕ್ಕೆ ಹಿಡಿದಿದೆ.

ತಪ್ಪು ನನ್ನದೇ. ಆದರೆ ‘ಒಂದಕ್ಕೆ ಎಲ್ ಒತ್ತಿ’ ಎಂದು ಬೆರಳಿಗೆ ಹೊಡೆದು ಕಲಿಸಿದವರು ಯಾರು? ಇದೇ ಕಾಲೇಜು!

ಜೂನ್ 28, ಸಂಜೆ 5.15

ಪ್ರಿನ್ಸಿಪಾಲರು ‘ಮರುಪರೀಕ್ಷೆ ಆರು ತಿಂಗಳ ನಂತರ’ ಅಂದರು.

‘ನನ್ನ ತಪ್ಪೇನು ಅಂತ ನಿಮ್ಮ ಮೇಷ್ಟ್ರು ಹೇಳಲಿ, ತಲೆ ತಗ್ಗಿಸಿ ಹೋಗ್ತೀನಿ.’

ಲ್ಯಾಬಿಗೆ ಬಂದು ಕಂಪ್ಯೂಟರಿನಲ್ಲಿ ನನ್ನ ಪರೀಕ್ಷೆಯ ಹಾಳೆ ತೆರೆಸಿದರು. ಬೀಗದ ಮೇಷ್ಟ್ರು ಸೂತ್ರ ಅಳಿಸಿ ಮತ್ತೆ ಹಾಕಿದರು. 30. ಕಂಪ್ಯೂಟರ್ ಆರಿಸಿ ಹಚ್ಚಿದರು. 30. ಪ್ರಿನ್ಸಿಪಾಲರು ಬೆರಳು ಮಡಚಿ ಎಣಿಸಿದರು — ‘ಅರವತ್ತಾರಲ್ವೇನ್ರೀ?’

‘ವೈರಸ್ ಇರಬೇಕು ಸರ್.’

‘ಎರಡು ನಿಮಿಷದಲ್ಲಿ ನಾನು ಸರಿ ಮಾಡ್ತೀನಿ,’ ಅಂದೆ. ‘ಮಾಡಿದ್ರೆ ಆ ಸೊನ್ನೆ ಹೊಡೆದುಹಾಕಿ ಇವತ್ತೇ ಸರ್ಟಿಫಿಕೇಟು ಕೊಡ್ತೀರಾ?’

‘ಹೊರಗೆ ಕೂತಿರಿ’ ಅಂದರು ಪ್ರಿನ್ಸಿಪಾಲರು.

ಬೆಂಚಿನ ಮೇಲೆ ಬರೆಯುತ್ತಿದ್ದೇನೆ. ಆಸ್ಪತ್ರೆಗೆ ಇಪ್ಪತ್ತು ನಿಮಿಷದ ದಾರಿ. ಒಳಗೆ ಲೆಕ್ಚರರ ದನಿ: ‘ಸರ್, ಆಮೇಲೆ ನನ್ನ ಮರ್ಯಾದೆ...’ ಪ್ರಿನ್ಸಿಪಾಲರ ದನಿ: ‘ಸಾಕು ಸುಮ್ಮನಿರ್ರೀ. ಅವರನ್ನ ಕರೀರಿ.’

ಚಿಲಕ ತೆಗೆಯುತ್ತಿದ್ದಾರೆ. ಒಂದರ ಕೀಲಿ ಮೇಲಿನ ಸಾಲು, ಎಡತುದಿ. ಎಡಗೈಯ ಕಿರುಬೆರಳು. ಎಲ್ ಒತ್ತುವ ಬಲಗೈ ಉಂಗುರಬೆರಳೇ, ಕೈಮುಗಿಯುತ್ತೇನೆ, ಎರಡೇ ನಿಮಿಷ ಸುಮ್ಮ—