ಹೊಳೆಮ್ಮನ ಬಾಣಂತನ

ಕಂಪ್ಲಿ, 12-8-1984

ಬೀಗತಿ ಉಚ್ಚಂಗೆಮ್ಮನವರಿಗೆ ನಮಸ್ಕಾರ.

ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು, ನಿಜ. ಆದರೂ ಹೊಳೆಮ್ಮನನ್ನು ಸಂಡೂರಿನಲ್ಲೇ ಇಟ್ಟುಕೊಳ್ಳಿ. ಮೊಲೆ ತೆಗೆದ ಮೇಲೆ ನನ್ನ ಬಲಗೈ ಮೇಲೇಳುವುದಿಲ್ಲ, ಬಾಣಂತಿಗೆ ನೀರೆರೆಯಲಾರೆ. ಮೊದಲು ಗಂಟು ಕೈಗೆ ಸಿಕ್ಕಾಗ ನಾಚಿಕೊಂಡು, ಸುಣ್ಣ-ಬೆಲ್ಲ ಹಚ್ಚಿ, ಎರಡು ಬೆಳೆ ಮುಗಿಯುವವರೆಗೂ ಯಾರಿಗೂ ಹೇಳಲಿಲ್ಲ. ಈಗ ಕಂಕುಳಲ್ಲೂ ಬಂದಿದೆ. "ಭಾಳ ತಡ ಮಾಡಿದ್ರಿ" ಎಂದರು ಡಾಕ್ಟರಮ್ಮ.

ಹೊಳೆಮ್ಮನಿಗೆ ಇದನ್ನು ಹೇಳಬೇಡಿ. ಕೇಳಿದರೆ, "ನಾಟಿ ನಡದೈತಿ, ನಿಮ್ಮವ್ವಗ ಪುರುಸೊತ್ತಿಲ್ಲ" ಅನ್ನಿ. ಸಿಟ್ಟಾದರೆ ಆಗಲಿ. ಅವಳಿಗೆ ಎಂದಾದರೂ ಗಂಟು ಕಂಡರೆ ಮಾತ್ರ ಸುಣ್ಣ ಹಚ್ಚಬೇಡಿ. ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಕೂಸಿನ ಬಟ್ಟೆಗೆಂದು ನನ್ನ ಸೀರೆಗಳನ್ನು ಕಳಿಸಿದ್ದೇನೆ. ಅವುಗಳಲ್ಲಿ ಹೊಸವೂ ಇವೆ. ಹರಿಯಲು ಹಿಂದೆಮುಂದೆ ನೋಡಬೇಡಿ.

ನಿಮ್ಮ ಬೀಗತಿ,
ದುರ್ಗಕ್ಕ