ಬಾಗಿಲು ತೆರೆದ ಕಿಲ್ಲೇದಾರ

ಹಳಿಯಾಳ
೧೮ ಆಗಸ್ಟ್ ೧೯೬೩

ಪ್ರೀತಿಯ ನೀಲಕ್ಕನಿಗೆ ಗಿರಿಜೆಯ ಶರಣು.

ನಿನ್ನ ಕಾಗದ ತಲುಪಿ ಹದಿನೈದು ದಿನವಾಯಿತು. ಗಣರಾಜ್ಯೋತ್ಸವಕ್ಕೆ ನಮ್ಮ ಶಾಲೆಗೆ ಬಂದುಹೋದ ಮೇಲೆ ನಿನ್ನ ಅಪ್ಪ, ನಮ್ಮ ಮಹಾಂತಪ್ಪ ಕಾಕಾ, ತೀರಿಕೊಳ್ಳುವ ತನಕ ಯಾರೊಡನೆಯೂ ಬೆರೆಯಲಿಲ್ಲ, ಅಲ್ಲಿ ಏನಾಯಿತು ಎಂದು ಕೇಳಿದ್ದೀಯ. ಅವರು ಹೇಳಲಿಲ್ಲ. ನಾನೇ ಹೇಳಬೇಕು.

ನಿಮ್ಮ ಮನೆತನದ ಹಿರಿಯ ಲಗಮಪ್ಪ ಘಟ್ಟ ಇಳಿದು, ಯುದ್ಧದ ಹಡಗುಗಳು ತಂಗುವ ಬಂದರಿನ ಕೋಟೆಗೆ ಕಿಲ್ಲೇದಾರನಾದ ಕಥೆಯನ್ನು ಅಂಬೇವಾಡಿಯ ನಿಮ್ಮ ಮನೆಯಲ್ಲೇ ಕೇಳಿದ್ದೆ. ವೈರಿಗಳು ಮುತ್ತಿದಾಗ ಬಾವಿ ಬತ್ತಿತು. ಹನ್ನೊಂದನೆಯ ದಿನ, ಒಳಗಿದ್ದ ಹೆಂಗಸರು ಮಕ್ಕಳ ಜೀವಕ್ಕಾಗಿ ಆತ ಬಾಗಿಲು ತೆರೆದ ಎಂದು ನಿನ್ನ ಅಪ್ಪ ಹೇಳಿದ್ದರು. ಶಾಲೆಯ ಸಭೆಗೆ ಆ ಕೋಟೆಯ ಚರಿತ್ರೆ ಬರೆದಾಗ ನಾನು ಬಾವಿಯ ಮಾತು ಬಿಟ್ಟೆ. ಚೀನಾದ ಯುದ್ಧ ಆಗಷ್ಟೇ ನಿಂತಿತ್ತು, ಎಲ್ಲರ ರಕ್ತ ಕಾದಿತ್ತು. ಲಗಮಪ್ಪನೆಂಬ ದ್ರೋಹಿ ಹೊನ್ನಿಗೆ ಬಂದರು ಮಾರಿದ ಎಂದು ಬರೆದೆ.

ನಾನು ಕರೆದೆನೆಂದು ಮಹಾಂತಪ್ಪ ಕಾಕಾ ಹೊಸ ರುಮಾಲು ಸುತ್ತಿ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಅವರ ಮುಖ ನೋಡದೆ ಓದಿದೆ. ಮಕ್ಕಳು ಥೂ ಎಂದರು. ಕಾಕಾ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು.

ಬಸ್ಸಿಗೆ ಕಾಯುವಾಗ ಕೇಳಿದರು, “ಗಿರಿಜವ್ವಾ, ಬಾವಿ ಬತ್ತಿದ ಆ ಹನ್ನೊಂದು ದಿನ ಎಲ್ಲಿ ಹೋದುವು?”

“ಅದಕ್ಕ ಪುರಾವೆ ಇಲ್ರೀ ಕಾಕಾ,” ಎಂದೆ.

“ಹೊನ್ನು ತಗೊಂಡದ್ದಕ್ಕ ಐತೇನು?”

ನಾನು ಬಸ್ಸು ಬರುವ ದಾರಿ ನೋಡಿದೆ. ಅವರು ಬೈಯಲಿಲ್ಲ. “ನೀಲವ್ವಗ ಹೇಳಬ್ಯಾಡ. ಗೆಳತ್ಯಾರು ಚಲೋ ಇರ್ರಿ,” ಎಂದು ಬಸ್ಸು ಹತ್ತಿದರು.

ಅಂಬೇವಾಡಿ ಇಲ್ಲಿಂದ ಎಷ್ಟು ದೂರ ನೀಲಕ್ಕ? ಅವರು ಬದುಕಿದ್ದ ಅಷ್ಟು ತಿಂಗಳಲ್ಲಿ ಒಮ್ಮೆಯೂ ಬರಲಿಲ್ಲ ನಾನು.

ಮೊನ್ನೆ ಸ್ವಾತಂತ್ರ್ಯೋತ್ಸವದಂದು ಅದೇ ಮಕ್ಕಳೆದುರು ನಿಂತು, ಅಂದು ಓದಿದ್ದು ಸುಳ್ಳು ಎಂದೆ. ಬಾವಿಯ ಕಥೆ ಪೂರ್ತಿ ಹೇಳಿದೆ. ಒಬ್ಬ ಹುಡುಗಿ ಎದ್ದು, “ಹಂಗಾರ ಅವರು ದ್ರೋಹಿ ಅಲ್ಲೇನ್ರಿ ಬಾಯಾರ?” ಎಂದು ಕೇಳಿದಳು. ಅಲ್ಲವೆಂದೆ. ಕೇಳಬೇಕಾದವರು ಇರಲಿಲ್ಲ.

ಈ ಕಾಗದವನ್ನು ಸುಡಬೇಕೆನಿಸಿದರೆ ಸುಡು. ಪೂರ್ತಿ ಓದಿ ಸುಡು.

ನಿನ್ನ
ಗಿರಿಜಾಬಾಯಿ

ತಾ.ಕ.: ಹೋದ ದೀಪಾವಳಿಗೆ ಕಾಕಾ ಮೋಡಿ ಎಂಬ ಹಳೆಯ ಲಿಪಿಯ ಓಲೆಯೊಂದನ್ನು ನನ್ನ ಕೈಗಿತ್ತು, ಯಾರಿಂದಲಾದರೂ ಓದಿಸು ಎಂದಿದ್ದರು. ಓದುವವರು ಸಿಗಲಿಲ್ಲ ಎಂದು ಅವರಿಗೆ ಹೇಳಿದೆ. ಸಿಕ್ಕಿದ್ದರು. ಸಭೆಗೆ ಒಂದು ವಾರ ಮೊದಲೇ ಓದಿಸಿದ್ದೆ. ಬಾವಿ ಬತ್ತಿದ್ದು, ಮೊದಲು ಹೊರಗೆ ಕಳಿಸಿದ ಕೂಸುಗಳ ಹೆಸರು, ಎಲ್ಲವೂ ಅದರಲ್ಲಿವೆ. ನನಗೆ ಚಪ್ಪಾಳೆ ಬೇಕಾಗಿತ್ತು. ಟ್ರಂಕಿನ ತಳದಲ್ಲಿ ಇಟ್ಟುಬಿಟ್ಟೆ. ಈ ಲಕೋಟೆಯಲ್ಲಿ ಇಟ್ಟಿದ್ದೇನೆ, ಅದನ್ನು ಸುಡಬೇಡ.